ಗಾಜಿನ ನಡುವೆ ನಿಂತ ವೈಪರ್

ಗಾಡಿಗೆ ಕೈ ಹಚ್ಚುವ ಮೊದಲು ಅದನ್ನು ಖಾಲಿ ಮಾಡಬೇಕು ಎಂಬುದು ಗಾಡಿಗಳ ವೈರಿಂಗ್ ಕೆಲಸ ಮಾಡುವ ಕರೆಂಟಣ್ಣನ ಅಂಗಡಿಯ ಮೊದಲ ನಿಯಮ. ಹಿಂದೊಮ್ಮೆ ಯಾರದೋ ಕಾರಿನ ಸೀಟಿನ ಕೆಳಗಿದ್ದ ಕೊಡೆ ಹೊರಳಿ ಬಂದು, ಅದರ ಕಡ್ಡಿ ಫ್ಯೂಸ್ ಪೆಟ್ಟಿಗೆಗೆ ತಗುಲಿ, ಅವನ ಒಂದು ಕಡೆಯ ಹುಬ್ಬು ಸುಟ್ಟುಹೋಗಿತ್ತು. ಅಂದಿನಿಂದ ಗಾಡಿ ಯಾರದೇ ಇರಲಿ, ಒಳಗಿರುವುದೆಲ್ಲ ಗೋಡೆ ಪಕ್ಕದ ಹಸಿರು ಕ್ರೇಟಿಗೆ ಹೋಗಬೇಕು. ಡ್ಯಾಶ್‌ಬೋರ್ಡು ಒರೆಸಿ, ಸ್ಟೇರಿಂಗು ಒರೆಸಿ, ಅದರ ಎಡಬಲಕ್ಕಿರುವ ಲಿವರುಗಳನ್ನು ಒರೆಸಿ, ಆಮೇಲೆ ಕರೆಂಟು ನೋಡುವ ಮೀಟರು ಕೈಗೆ ಬರಬೇಕು. ‘ಇವನ ಹತ್ರ ಹಾರ್ನು ರಿಪೇರಿಗೆ ಬಿಟ್ಟರೂ ಮನೆ ಖಾಲಿ ಮಾಡಿದ ಹಾಗೆ’ ಎಂದು ಪಕ್ಕದ ಪಂಕ್ಚರಿನವನು ಬಂದಬಂದವರಿಗೆಲ್ಲ ಹೇಳಿ ನಗುತ್ತಿದ್ದ. ಕರೆಂಟಣ್ಣ ಅದನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಇನ್ನೊಂದು ಹುಬ್ಬು ಉಳಿದುಕೊಂಡಿದ್ದು ಆ ನಿಯಮದಿಂದಲೇ ಎಂಬುದು ಅವನ ನಂಬಿಕೆ.

ಆ ಸೋಮವಾರ ಬೆಳಿಗ್ಗೆ ಅಂಗಡಿಯ ತಗಡಿನ ಚಪ್ಪರದ ಕೆಳಗೆ ನಿಂತಿದ್ದು ಅವನ ಅಕ್ಕನ ಬಿಳಿ ಕಾರು. ಮುಂದಿನ ಎಡಗಡೆಯ ಮಡ್ಗಾರ್ಡು ಒಳಗೆ ಹೋಗಿತ್ತು. ಒಂದು ದೀಪಕ್ಕೆ ಗಾಜಿರಲಿಲ್ಲ. ಅಕ್ಕ ದನದ ಡಾಕ್ಟರು. ಸುತ್ತಲಿನ ಹದಿನಾರು ಹಳ್ಳಿಗಳ ಹಸು, ಎಮ್ಮೆ, ಕುರಿಗಳಿಗೆ ಅವಳೇ ದಿಕ್ಕು. ಊರವರು ಡಾಕ್ಟರಮ್ಮ ಎನ್ನುತ್ತಿದ್ದರು. ಕಾರಿನೊಳಗಿನ ಸಾಮಾನುಗಳನ್ನು ಅವನು ಒಂದೊಂದಾಗಿ ಕ್ರೇಟಿಗೆ ಇಳಿಸುತ್ತಿದ್ದರೆ ಅವಳು ಕಾಲು ಚಾಚಿ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದಳು. ಗಂಬೂಟು, ಭುಜದವರೆಗೆ ಬರುವ ರಬ್ಬರ್ ಗ್ಲೌಸುಗಳ ಡಬ್ಬಿ, ಕಂದು ಬಾಟಲಿಯ ಔಷಧಿ, ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣ, ಸ್ಟೀಲಿನ ಬಕೆಟ್ಟು. ಬಕೆಟ್ಟಿನೊಳಗೆ ಕರು ಎಳೆಯುವ ಹಗ್ಗಗಳು, ಮೂರು. ಹೆಬ್ಬೆರಳಿನಷ್ಟು ದಪ್ಪದ ನೂಲಿನವು, ತುದಿಗೆ ಕಬ್ಬಿಣದ ಹಿಡಿ.

“ಅದನ್ನ ಇಲ್ಲಿ ಕೊಡು,” ಎಂದಳು ಅಕ್ಕ. “ಹಗ್ಗ, ಗ್ಲೌಸು ಎರಡೂ. ಯಾವಾಗ ಯಾರ ಹಸು ಒದ್ದಾಡುತ್ತೋ. ಕಾರಿಲ್ಲದಿದ್ರೂ ಕೈ ಇದೆಯಲ್ಲ.”

ಅವನು ಕೊಟ್ಟ. ಅವಳು ಹಗ್ಗಗಳನ್ನು ಸುರುಳಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು.

“ಈಗ ಹೇಳು, ಮೊದಲಿಂದ.”

“ಎಷ್ಟು ಸಲ ಹೇಳೋದೋ? ನಿಮ್ಮ ಭಾವನಿಗೆ ಹೇಳಿ ಹೇಳಿ ನನ್ನ ನಾಲಿಗೆ ಸವೆದು ಹೋಯ್ತು.”

“ನಂಗೆ ಹೇಳಿಲ್ವಲ್ಲ. ಪೇಷಂಟು ಮಾತಾಡದೆ ನೀನು ಔಷಧಿ ಕೊಡ್ತೀಯಾ?”

“ನನ್ನ ಪೇಷಂಟು ಯಾವುದೂ ಮಾತಾಡಲ್ಲ ಕಣೋ. ಆದ್ರೂ ಕೊಡ್ತೀನಿ,” ಎಂದಳು. ನಗಲಿಲ್ಲ. ಆಮೇಲೆ ಹೇಳಿದಳು.

ಕಳೆದ ಬುಧವಾರ ಸಂಜೆ, ಇನ್ನೂ ಬೆಳಕಿರುವಾಗಲೇ, ಕೆರೆ ಆಚೆಯ ಒಂದು ಹಟ್ಟಿಯಲ್ಲಿ ಅಡ್ಡಬಿದ್ದ ಕರುವನ್ನು ತಿರುಗಿಸಿ ಎಳೆದು, ತಾಯಿ ಮಗು ಎರಡೂ ಎದ್ದು ನಿಂತ ಮೇಲೆ ಅವಳು ಹೊರಟಿದ್ದಳು. ಮಳೆ ಜೋರಿತ್ತು. ವೈಪರನ್ನು ಒಂದನೇ ವೇಗಕ್ಕೆ ಇಟ್ಟಿದ್ದಳು. ಹಿಟ್ಟಿನ ಗಿರಣಿಯ ತಿರುವು ಬರುವ ಹೊತ್ತಿಗೆ ವೈಪರಿನ ಕಡ್ಡಿಗಳು ಗಾಜಿನ ನಟ್ಟನಡುವೆ ನಿಂತುಬಿಟ್ಟವು. ಎದುರಿಗೆ ನೀರಿನ ಪರದೆ. ಬ್ರೇಕ್ ಒತ್ತಿದಳು, ಕಾರು ಜಾರಿತು, ತಿರುವಿನ ಮನೆಯ ಮುಂದಿನ ಕಲ್ಲುಕಟ್ಟೆಗೆ ಹೋಗಿ ಕೂತಿತು. ಆ ಕಟ್ಟೆಯ ಮೇಲೆ ದಿನಾ ಸಂಜೆ ಆ ಮನೆಯ ಅಜ್ಜಿ ಕೂತಿರುತ್ತಾಳೆ. ಅಂದು ಮಳೆಗೆ ಒಳಗೆ ಹೋಗಿದ್ದಳು.

“ಜನ ಓಡಿ ಬಂದ್ರು. ಬಾಗಿಲು ತೆಗೆದ್ರು. ನಾನು ವೈಪರ್ ನಿಂತೋಯ್ತು ಅಂದೆ. ಅವರೆಲ್ಲ ಗಾಜಿನ ಕಡೆ ನೋಡಿದ್ರು.” ಅಕ್ಕ ಕಾರಿನ ಗಾಜಿನ ಕಡೆ ಕೈ ತೋರಿಸಿದಳು. “ವೈಪರ್ ಠಕ್ ಠಕ್ ಅಂತ ಆಡ್ತಾ ಇತ್ತು. ಏನೂ ಆಗೇ ಇಲ್ಲ ಅನ್ನೋ ಹಾಗೆ.”

“ಮುಂಚೆ ಯಾವತ್ತಾದ್ರೂ ಹೀಗೆ ಆಗಿತ್ತಾ?”

“ಹೋದ ಮಳೆಗಾಲದಲ್ಲಿ ಒಂದ್ಸಲ. ಗಾಡಿ ನಿಲ್ಲಿಸಿ ಇಳಿದು ಹತ್ತೋ ಅಷ್ಟರಲ್ಲಿ ಸರಿಹೋಯ್ತು. ನೀನು ಫ್ಯೂಸ್ ಹಾಕಿಕೊಟ್ಟೆಯಲ್ಲ, ಆಗ.”

“ಹೊಸದಾಗಿ ಏನಾದ್ರೂ ಹಾಕಿಸಿದ್ಯಾ? ರೇಡಿಯೋ, ಫೋನ್ ಚಾರ್ಜರು?”

“ಏನೂ ಇಲ್ಲ. ಹನ್ನೊಂದು ವರ್ಷದಿಂದ ಹೇಗಿತ್ತೋ ಹಾಗೇ ಇದೆ, ನಾನೂ ಹಾಗೇ ಇದ್ದೀನಿ.”

ಭಾವನ ಪ್ರಕಾರ ಅವಳು ಹಾಗೇ ಇರಲಿಲ್ಲ. ಭಾವ ನಿವೃತ್ತ ಮೇಷ್ಟ್ರು. ಉತ್ತರ ಪತ್ರಿಕೆ ನೋಡಿ ನೋಡಿ ಎಲ್ಲದರಲ್ಲೂ ಕೆಂಪು ಗೆರೆ ಹಾಕುವ ಕಣ್ಣು ಅವರದು. ಐವತ್ತೆಂಟು ದಾಟಿದೆ, ಮಬ್ಬು ಬೆಳಕಲ್ಲಿ ಕಣ್ಣು ಕೈಕೊಟ್ಟಿದೆ, ಒಪ್ಪಿಕೊಳ್ಳಲು ಮನಸ್ಸಿಲ್ಲದೆ ವೈಪರಿನ ತಲೆಗೆ ಕಟ್ಟುತ್ತಿದ್ದಾಳೆ ಎಂದು ಅವರು ಲೆಕ್ಕ ಹಾಕಿದ್ದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ಭಯವಿತ್ತು. ಅಜ್ಜಿ ಕೂರುವ ಆ ಕಟ್ಟೆಯನ್ನು ಅವರೂ ಹೋಗಿ ನೋಡಿ ಬಂದಿದ್ದರು. ಗಂಡ ಹೆಂಡತಿ ನಾಲ್ಕು ದಿನ ಜಗಳವಾಡಿ, ಕೊನೆಗೆ ಅಕ್ಕನೇ ಒಂದು ಮಾತು ಕೊಟ್ಟಿದ್ದಳು: ತಮ್ಮನೇ ವೈಪರಿನ ಸ್ವಿಚ್ಚು ಪರೀಕ್ಷೆ ಮಾಡಲಿ; ಕೆಟ್ಟಿದೆ ಎಂದರೆ ಸರಿ; ಏನೂ ಆಗಿಲ್ಲ ಎಂದರೆ ಕಾರಿನ ಕೀ ಗಂಡನ ಕೈಗೆ, ಮತ್ತೆ ಕೇಳುವುದಿಲ್ಲ.

ಕೀ ಬಿಟ್ಟರೆ ಏನಾಗುತ್ತದೆಂದು ಮೂವರಿಗೂ ಗೊತ್ತಿತ್ತು. ಹದಿನಾರು ಹಳ್ಳಿಗಳನ್ನು ಬಸ್ಸಿನಲ್ಲಿ ಸುತ್ತಲಾಗುವುದಿಲ್ಲ. ಈಯಲಾರದೆ ಬಿದ್ದ ಹಸು ಬಸ್ಸಿಗೆ ಕಾಯುವುದಿಲ್ಲ. ಇನ್ನೆರಡು ವರ್ಷದ ಸರ್ವಿಸ್ಸನ್ನು ಅವಳು ಆಸ್ಪತ್ರೆಯ ಮೇಜಿನ ಮುಂದೆ, ಯಾರೋ ಹಾಕಿದ ಚುಚ್ಚುಮದ್ದನ್ನು ರಿಜಿಸ್ಟರಿಗೆ ಏರಿಸುತ್ತ ಕಳೆಯಬೇಕು.

“ಒಂದು ಹೇಳ್ತೀನಿ ಕೇಳು,” ಅಕ್ಕ ಎದ್ದು ಚೀಲ ಹೆಗಲಿಗೆ ಹಾಕಿಕೊಂಡಳು. “ನನಗೋಸ್ಕರ ಸುಳ್ಳು ಹೇಳೋಕೆ ಹೋಗಬೇಡ. ಸುಳ್ಳು ಹೇಳುವಾಗ ನೀನು ಮೂಗು ಉಜ್ಜಿಕೊಳ್ತೀಯ. ಚಿಕ್ಕವನಿದ್ದಾಗಿಂದ ನೋಡ್ತಿದ್ದೀನಿ.”

ಕೀಯನ್ನು ತಾನೇ ಗೋಡೆಯ ಮೊಳೆಗೆ ನೇತುಹಾಕಿ ಬಸ್‌ಸ್ಟಾಪಿನ ಕಡೆ ನಡೆದಳು.

ಕರೆಂಟಣ್ಣ ಕೆಲಸವನ್ನು ಬುಡದಿಂದ ಶುರುಮಾಡಿದ. ಬ್ಯಾಟರಿ ನೋಡಿದ, ಸರಿ ಇತ್ತು. ಫ್ಯೂಸ್ ತೆಗೆದು ಬೆಳಕಿಗೆ ಹಿಡಿದ. ಅವನೇ ಹಾಕಿದ್ದು, ಹೊಸದರಂತೆ ಹೊಳೆಯುತ್ತಿತ್ತು. ಬಾನೆಟ್ ಎತ್ತಿ, ವೈಪರಿನ ಮೋಟರಿಗೆ ಬ್ಯಾಟರಿಯಿಂದ ನೇರವಾಗಿ ಎರಡು ವೈರು ಕೊಟ್ಟ. ಮೋಟರು ಗೊಣಗದೆ ತಿರುಗಿತು. ಅರ್ತಿಂಗಿನ ವೈರನ್ನು ಬಿಚ್ಚಿ, ಉಪ್ಪುಕಾಗದದಲ್ಲಿ ಉಜ್ಜಿ, ಬಿಗಿಮಾಡಿದ. ಮೋಟರಿನಿಂದ ಡ್ಯಾಶ್‌ಬೋರ್ಡಿನವರೆಗೆ ವೈರುಗಳನ್ನು ಬೆರಳಲ್ಲಿ ಹಿಸುಕುತ್ತ, ಬಳುಕಿಸುತ್ತ ಬಂದ. ಎಲ್ಲಿಯೂ ತುಂಡಿಲ್ಲ, ಇಲಿ ಕಡಿದ ಗುರುತಿಲ್ಲ. ಉಳಿದದ್ದು ಸ್ವಿಚ್ಚು ಒಂದೇ.

ಸ್ಟೇರಿಂಗಿನ ಕೆಳಗಿನ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿದ. ಸ್ವಿಚ್ಚಿನ ಹಿಂದಿನ ಕನೆಕ್ಟರನ್ನು ಎಳೆದು ತೆಗೆದು, ಸ್ವಿಚ್ಚನ್ನು ಹೊರತಂದು ಬೆಂಚಿನ ಮೇಲೆ ಹಳೆಯ ಟವೆಲ್ಲು ಹಾಸಿ ಮಲಗಿಸಿದ. ವೈಪರಿನ ಲಿವರಿಗೆ ನಾಲ್ಕು ಜಾಗಗಳು: ಮೇಲೆ ಬಂದ್, ಒಂದು ಹಂತ ಕೆಳಗೆ ಬಿಟ್ಟುಬಿಟ್ಟು ಓಡುವುದು, ಇನ್ನೊಂದು ಹಂತಕ್ಕೆ ಒಂದನೇ ವೇಗ, ಕೊನೆಗೆ ಎರಡನೇ ವೇಗ. ಹಿಂದೆ ಆರು ಪಿನ್ನುಗಳು. ಯಾವ ಜಾಗದಲ್ಲಿ ಯಾವ ಪಿನ್ನು ಯಾವುದಕ್ಕೆ ಕೂಡಬೇಕೆಂಬುದು ಅವನಿಗೆ ಬಾಯಿಪಾಠ. ಮೀಟರಿನ ಎರಡು ಮೊನೆಗಳನ್ನು ಪಿನ್ನುಗಳಿಗೆ ಇಟ್ಟು ಲಿವರನ್ನು ಇಳಿಸಿದರೆ, ದಾರಿ ಕೂಡಿದೆಯೆಂದು ಮೀಟರು ಕುಯ್ ಎನ್ನಬೇಕು. ಅಂದಿತು. ಎರಡನೇ ವೇಗಕ್ಕೂ ಅಂದಿತು. ಬಂದ್ ಮಾಡಿದಾಗ ವೈಪರನ್ನು ಗಾಜಿನ ಬುಡಕ್ಕೆ ಮರಳಿಸುವ ಪಿನ್ನೂ ಅಂದಿತು. ಒಂದೊಂದು ಜಾಗಕ್ಕೆ ಐವತ್ತು ಸಲ ಲಿವರ್ ಎಳೆದು ಐವತ್ತು ಸಲವೂ ಕುಯ್ ಅನ್ನಿಸಿದ. ಅಷ್ಟಕ್ಕೆ ಪಂಕ್ಚರಿನವನು ಇಣುಕಿದ.

“ಏನಣ್ಣ, ಬೆಳಿಗ್ಗೆಯಿಂದ ಮರಿ ಕೂಗಿಸ್ತಿದ್ದೀಯ?”

“ಒಂದು ಸಲ ಸುಮ್ಮನಾಗ್ಲಿ ಅಂತ ಕಾಯ್ತಿದ್ದೀನಿ,” ಎಂದ ಕರೆಂಟಣ್ಣ.

ಅದು ನಿಜವಾದ ಮಾತಾಗಿತ್ತು. ಇಷ್ಟು ವರ್ಷ ಅವನು ಮೀಟರು ಕೂಗಲಿ ಎಂದು ಕಾದವನೇ. ಇಂದು ಮೊದಲ ಬಾರಿಗೆ ಅದು ಕೂಗದಿರಲಿ ಎಂದು ಕಾಯುತ್ತಿದ್ದ. ಮನೆಗೆ ಹೋಗಿ ಹೆಂಡತಿಯ ಕೂದಲು ಒಣಗಿಸುವ ಯಂತ್ರ ತಂದು ಸ್ವಿಚ್ಚಿಗೆ ಬಿಸಿಗಾಳಿ ಹಿಡಿದ. ಕುಯ್. ನೀರು ಚಿಮುಕಿಸಿದ. ಕುಯ್. ಲಿವರನ್ನು ಎಡಕ್ಕೆ ಬಲಕ್ಕೆ ಅಲ್ಲಾಡಿಸಿದ. ಹನ್ನೊಂದು ವರ್ಷದ ಲಿವರು ಸ್ವಲ್ಪ ಸಡಿಲವಿತ್ತು, ಯಾರದ್ದಾದರೂ ಅಷ್ಟು ಇರುತ್ತದೆ. ಮತ್ತೆ ಕಾರಿಗೆ ಜೋಡಿಸಿ, ವೈಪರನ್ನು ಒಂದನೇ ವೇಗಕ್ಕೆ ಇಟ್ಟು, ಹೊರಗಿನ ನಲ್ಲಿಯಿಂದ ಪೈಪೆಳೆದು ಗಾಜಿನ ಮೇಲೆ ನೀರು ಬೀಳುವಂತೆ ಚಪ್ಪರದ ಕಂಬಕ್ಕೆ ಕಟ್ಟಿದ. ಇಂಜಿನ್ ಚಾಲೂ ಮಾಡಿ ಸ್ಟೂಲಿನ ಮೇಲೆ ಕೂತ. ಒಂದು ಗಂಟೆ ಹತ್ತು ನಿಮಿಷ ವೈಪರು ಗಡಿಯಾರದ ಲೋಲಕದ ಹಾಗೆ ಓಡಾಡಿತು. ಒಮ್ಮೆಯೂ ತಡವರಿಸಲಿಲ್ಲ.

ಅವನು ಇಂಜಿನ್ ಬಂದ್ ಮಾಡಿ ನಲ್ಲಿ ನಿಲ್ಲಿಸಿದ. ಚಪ್ಪರದ ಅಂಚಿನಿಂದ ಪೈಪಿನ ನೀರು ತೊಟ್ಟಿಕ್ಕುತ್ತಿತ್ತು.

ಬೆಂಚಿನ ಕೆಳಗಿನ ಗುಜರಿ ಡಬ್ಬಿಯಲ್ಲಿ ಇದೇ ಮಾದರಿಯ ಇನ್ನೊಂದು ಸ್ವಿಚ್ಚಿತ್ತು. ಹೋದ ವರ್ಷ ಯಾವುದೋ ಟ್ಯಾಕ್ಸಿಯಿಂದ ತೆಗೆದದ್ದು. ಒಳಗಿನ ತಾಮ್ರ ಸುಟ್ಟು ಕಪ್ಪಾಗಿತ್ತು. ಕರೆಂಟಣ್ಣ ಅದನ್ನು ಕೈಗೆತ್ತಿಕೊಂಡ. ಭಾವನಿಗೆ ತೋರಿಸಲು ಇಷ್ಟು ಸಾಕು. ‘ನೋಡಿ ಭಾವ, ಸುಟ್ಟಿದೆ’ ಎಂದರೆ ಮುಗಿಯಿತು, ಅವರಿಗೆ ಸ್ವಿಚ್ಚೂ ಒಂದೇ ಸೌಟೂ ಒಂದೇ. ಅಕ್ಕ ಮತ್ತೆ ಹಳ್ಳಿಗಳಿಗೆ ಹೋಗುತ್ತಾಳೆ. ಆಮೇಲೆ ಒಂದು ಮಬ್ಬು ಸಂಜೆ ಅದೇ ತಿರುವು ಬರುತ್ತದೆ. ಕಟ್ಟೆಯ ಮೇಲೆ ಅಜ್ಜಿ ಇರುತ್ತಾಳೆ. ಕೆಟ್ಟದ್ದು ಸ್ವಿಚ್ಚಲ್ಲ, ಕಣ್ಣೇ ಆಗಿದ್ದರೆ?

ತಾನು ಮೂಗು ಉಜ್ಜಿಕೊಳ್ಳುತ್ತಿರುವುದು ಅವನ ಗಮನಕ್ಕೆ ಬಂತು. ಸುಟ್ಟ ಸ್ವಿಚ್ಚನ್ನು ಡಬ್ಬಿಗೆ ಎಸೆದ. ಫೋನ್ ತೆಗೆದು ಭಾವನಿಗೆ ಹಚ್ಚಿದ.

“ಎಲ್ಲಾ ನೋಡಿದೆ ಭಾವ. ಸ್ವಿಚ್ಚಲ್ಲಿ ಏನೂ ಸಿಕ್ಕಲಿಲ್ಲ.”

“ಇನ್ನೊಂದು ಸಲ ನೋಡಪ್ಪಾ,” ಎಂದರು ಭಾವ. ಗೆದ್ದವರ ಧ್ವನಿ ಅದಾಗಿರಲಿಲ್ಲ.

“ಐವತ್ತು ಸಲ ನೋಡಿದ್ದೀನಿ.”

“ಸರಿ. ಬರ್ತೀನಿ.”

ಮೂರು ಗಂಟೆಯ ಸುಮಾರಿಗೆ ಭಾವ ಬಂದರು. ಇಸ್ತ್ರಿ ಹಾಕಿದ ಅಂಗಿ, ಕಿಸೆಯಲ್ಲಿ ಪೆನ್ನು. ಮೊಳೆಯ ಮೇಲಿನ ಕೀಯನ್ನು ನೋಡಿದರು, ಮುಟ್ಟಲಿಲ್ಲ. ಸ್ಟೂಲನ್ನು ಕರ್ಚೀಫಿನಿಂದ ಒರೆಸಿ ಕೂತರು.

“ಅವಳಿಗೆ ನೀನು ಹೇಳ್ತೀಯೋ, ನಾನು ಹೇಳ್ಬೇಕೋ?”

“ನಾನೇ ಹೇಳ್ತೀನಿ. ನೀವು ಹೇಳಿದ್ರೆ ಪಾಠ ಆಗುತ್ತೆ.”

ಭಾವ ಕರ್ಚೀಫನ್ನು ಮಡಚಿ ಕಿಸೆಗಿಟ್ಟರು. ಸ್ವಲ್ಪ ಹೊತ್ತಿನ ಮೇಲೆ, “ಮದುವೆಯಾದ ವರ್ಷ ನನಗೆ ಸೈಕಲ್ ಹೊಡೆಯೋಕೆ ಕಲಿಸಿದ್ದು ಅವಳು,” ಎಂದರು, ಯಾರಿಗೆಂದಿಲ್ಲದೆ.

ಹಾಲಿನ ವ್ಯಾನೊಂದು ರಸ್ತೆಯ ಆಚೆ ನಿಂತಿತು. ಮುಂದಿನ ಸೀಟಿನಿಂದ ಅಕ್ಕ ಇಳಿದಳು. ಸೀರೆಯ ಅಂಚು ಕೆಸರು, ರವಿಕೆಯ ತೋಳು ಮಡಚಿ ಮೊಣಕೈ ಮೇಲಕ್ಕೆ ಹೋಗಿತ್ತು, ಕೈಯಲ್ಲಿ ತೊಳೆದ ಹಗ್ಗಗಳ ಒದ್ದೆ ಸುರುಳಿ. ವ್ಯಾನಿನ ಡ್ರೈವರು ಕೈಬೀಸಿ ಹೋದ.

“ಹೆಣ್ಣು ಕರು,” ಎಂದಳು ಬರುತ್ತಲೇ. “ಕಾಲು ಹಿಂದೆ ಮಡಚಿಕೊಂಡು ಕೂತಿತ್ತು, ಥೇಟ್ ನಿಮ್ಮ ಭಾವನ ಹಾಗೆ.” ಆಮೇಲೆ ಇಬ್ಬರ ಮುಖ ನೋಡಿದಳು. ಮೊಳೆಯ ಕಡೆ ನೋಡಿದಳು. “ಓ,” ಎಂದಳು.

“ಕೂತ್ಕೊ ಅಕ್ಕ.”

ಕೂರಲು ಇದ್ದ ಸ್ಟೂಲಿನ ಮೇಲೆ ಭಾವ ಕೂತಿದ್ದರು. ಅವರು ಏಳುವಷ್ಟರಲ್ಲಿ ಅವಳು ತನ್ನ ಕಾರಿನ ಬಾಗಿಲು ತೆಗೆದು ಡ್ರೈವರ್ ಸೀಟಿನಲ್ಲಿ ಕೂತಾಗಿತ್ತು. ಹಟ್ಟಿಯಲ್ಲಿ ನಿಂತು ದಣಿದ ಕಾಲುಗಳನ್ನು ಚಾಚಿದಳು. ಕರೆಂಟಣ್ಣನಿಗೆ ಅವಳ ಮುಖ ನೋಡುತ್ತ ಹೇಳಲು ಧೈರ್ಯ ಸಾಲಲಿಲ್ಲ. ಕೈಗೊಂದು ಕೆಲಸ ಬೇಕಾಯಿತು. ಕೀಯನ್ನು ಮೊಳೆಯಿಂದ ತೆಗೆದು ಅವಳಿಗೆ ಕೊಟ್ಟ.

“ಚಾಲೂ ಮಾಡು. ನೀನೇ ಒಂದ್ಸಲ ನೋಡು. ಒಂದನೇ ವೇಗಕ್ಕೆ ಇಡು.”

ಪೈಪಿನ ತುದಿ ಹಿಡಿದು ಗಾಜಿನ ಮುಂದೆ ಹೋಗಿ ನಿಂತ. ನೀರು ಬಿಟ್ಟ. ವೈಪರು ಓಡಾಡತೊಡಗಿತು. ಗಾಜಿನ ಆಚೆ ಅಕ್ಕನ ಮುಖ ಒರೆಸಿದಾಗ ಕಾಣುತ್ತಿತ್ತು, ಮರುಗಳಿಗೆ ಕಲಸಿಹೋಗುತ್ತಿತ್ತು, ಮತ್ತೆ ಕಾಣುತ್ತಿತ್ತು. ಬಾಗಿಲು ತೆರೆದೇ ಇತ್ತು, ಮಾತು ಕೇಳಿಸುತ್ತಿತ್ತು. ಅವನು ಬೆಳಿಗ್ಗೆಯಿಂದ ಮಾಡಿದ್ದನ್ನೆಲ್ಲ ಒಂದೊಂದಾಗಿ ಹೇಳಿದ: ಬ್ಯಾಟರಿ, ಫ್ಯೂಸು, ಮೋಟರು, ಅರ್ತಿಂಗು, ವೈರು, ಸ್ವಿಚ್ಚು. ಕೂದಲ ಯಂತ್ರದ್ದನ್ನೂ ಹೇಳಿದ. ಹೇಳುತ್ತ ಹೇಳುತ್ತ ಮೂಗಿನ ಹತ್ತಿರ ಕೈ ಒಯ್ಯದಂತೆ ನೋಡಿಕೊಂಡ. ಹೇಳುತ್ತಿದ್ದುದು ನಿಜವೇ ಆಗಿದ್ದರೂ.

“ಹಾಗಾದ್ರೆ ಸರಿ ಇದೆ,” ಎಂದಳು ಅಕ್ಕ.

“ಮೀಟರು ಸರಿ ಇದೆ ಅನ್ನುತ್ತೆ.”

“ನೀನೇನು ಅಂತೀಯ?”

ಪೈಪಿನ ನೀರು ಗಾಜಿನ ಮೇಲೆ ಬೀಳುತ್ತಲೇ ಇತ್ತು. ಭಾವ ಸ್ಟೂಲಿನಿಂದ ಎದ್ದು ಒಂದು ಹೆಜ್ಜೆ ಮುಂದೆ ಬಂದು ಅಲ್ಲೇ ನಿಂತರು.

“ಅಂದು ಬುಧವಾರ ನೀನು ನೋಡಿದ್ದು,” ಎಂದು ಅವನು ಶುರುಮಾಡಿದ, “ಒಂದು ಕ್ಷಣ ಮಳೆ ಜಾಸ್ತಿಯಾಗಿ ಹಾಗೆ ಕಂಡಿರಬಹುದು. ಒಂದ್ಸಲ ಕಣ್ಣಿನ ಡಾಕ್ಟರಿಗೆ—”

ಮಾತು ಅಲ್ಲಿಗೆ ನಿಂತಿತು. ಅಕ್ಕನ ಮುಖ ಕಲಸಿಹೋಗಿತ್ತು, ಮತ್ತೆ ಕಾಣಲಿಲ್ಲ. ಗಾಜಿನ ಮೇಲೆ ನೀರು ಒಂದೇ ಸಮ ಇಳಿಯುತ್ತಿತ್ತು. ವೈಪರಿನ ಎರಡು ಕಡ್ಡಿಗಳೂ ಗಾಜಿನ ನಟ್ಟನಡುವೆ, ಯಾರೋ ಹಿಡಿದು ನಿಲ್ಲಿಸಿದ ಹಾಗೆ ನಿಂತಿದ್ದವು.

“ಅಕ್ಕ, ಏನೂ ಮುಟ್ಟಬೇಡ.”

“ನಾನೇನೂ ಮುಟ್ಟಿಲ್ಲ,” ಒಳಗಿಂದ ಧ್ವನಿ ಬಂತು. “ಕೈ ತೊಡೆ ಮೇಲಿದೆ. ಬಾ, ನೋಡು.”

ಅವನು ಪೈಪನ್ನು ಭಾವನ ಕೈಗೆ ತುರುಕಿ ಸುತ್ತಿಬಂದ. ಭಾವನ ಇಸ್ತ್ರಿ ಅಂಗಿಗೆ ಅರ್ಧ ನೀರು ಬಿತ್ತು. ಅವರು ಅದನ್ನು ಗಮನಿಸಲಿಲ್ಲ, ಗಾಜನ್ನೇ ನೋಡುತ್ತಿದ್ದರು.

ಅಕ್ಕನ ಕೈಗಳು ನಿಜಕ್ಕೂ ತೊಡೆಯ ಮೇಲಿದ್ದವು. ಅವಳು ಕೂತಾಗ ಕೈಯಲ್ಲಿದ್ದ ಹಗ್ಗದ ಸುರುಳಿ ಮಾತ್ರ ಅಲ್ಲಿರಲಿಲ್ಲ. ಅದು ವೈಪರಿನ ಲಿವರಿಗೆ ನೇತುಬಿದ್ದಿತ್ತು. ಮೂರು ಒದ್ದೆ ಹಗ್ಗ, ತುದಿಗೆ ಮೂರು ಕಬ್ಬಿಣದ ಹಿಡಿ. ಸೀಟಿನ ಮುಂದಿನ ರಬ್ಬರ್ ಮ್ಯಾಟಿನ ಮೇಲೆ ಹನಿ ಬೀಳುತ್ತಿತ್ತು.

ಕರೆಂಟಣ್ಣ ಬಗ್ಗಿ ಲಿವರಿನ ಬುಡವನ್ನು ನೋಡಿದ. ಅದು ಒಂದನೇ ವೇಗದ ಗುರುತನ್ನು ಬಿಟ್ಟು ಕೆಳಗೆ ಇಳಿದಿತ್ತು, ಎರಡನೆಯದನ್ನು ಮುಟ್ಟಿರಲಿಲ್ಲ. ನಡುವೆ ಒಂದು ಭತ್ತದ ಕಾಳಿನಷ್ಟು ಜಾಗ, ಅಲ್ಲಿ ಯಾವ ಪಿನ್ನೂ ಕೂಡುವುದಿಲ್ಲ. ಅವನು ಸುರುಳಿಯನ್ನು ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿ ಹಿಡಿದ. ಲಿವರು ಟಕ್ ಎಂದು ತಾನಾಗಿ ಮೇಲೆ ಸರಿಯಿತು. ವೈಪರು ಓಡತೊಡಗಿತು.

“ಇದನ್ನ ಇಲ್ಲಿ ಯಾಕೆ ಹಾಕಿದೆ?”

“ಯಾವುದನ್ನ?” ಅಕ್ಕ ಲಿವರಿನ ಕಡೆ ನೋಡಿದಳು. “ಹಗ್ಗಾನಾ? ಒಣಗೋಕೆ. ಮತ್ತೆಲ್ಲಿ ಹಾಕ್ಲಿ? ಬಕೆಟ್ಟಿಗೆ ಹಾಗೇ ಹಾಕಿದ್ರೆ ನಾತ ಹಿಡಿಯುತ್ತೆ. ಬಿಸಿಲಿದ್ರೆ ಹೊರಗೆ ಹರವುತ್ತೀನಿ, ಮಳೆ ಇದ್ರೆ ಇಲ್ಲಿ.”

“ಎಷ್ಟು ದಿನದಿಂದ?”

“ಕಾರು ತಗೊಂಡಾಗಿಂದ. ಹೇಳಿ ಮಾಡಿಸಿದ ಗೂಟದ ಹಾಗೆ ಇದೆಯಲ್ಲ.”

“ಬುಧವಾರಾನೂ ಇತ್ತಾ?”

ಅಕ್ಕ ತನ್ನ ಕಾಲಿನ ಕಡೆ ಬಗ್ಗಿ ನೋಡಿಕೊಂಡಳು. “ಇತ್ತು,” ಎಂದಳು. “ಗುದ್ದಿದಾಗ ಕಾಲ ಮೇಲೆ ಬಿತ್ತು. ಕಬ್ಬಿಣ ತಾಗಿ ಇಲ್ಲಿ ಕಪ್ಪಾಗಿದೆ ನೋಡು.” ಸೀರೆಯನ್ನು ಅರ್ಧ ಗೇಣು ಎತ್ತಿ ಕಣಕಾಲು ತೋರಿಸಿದಳು.

ಹಗ್ಗ ಬಿದ್ದಿತ್ತು, ಲಿವರು ಮೇಲೆ ಸರಿದಿತ್ತು, ಜನ ಓಡಿಬರುವಷ್ಟರಲ್ಲಿ ವೈಪರು ಆಡುತ್ತಿತ್ತು. ಹೋದ ವರ್ಷವೂ ಗಾಡಿ ನಿಲ್ಲಿಸಿ ಇಳಿಯುವಾಗ ಹಗ್ಗ ತೆಗೆದಿರಬೇಕು. ಇವತ್ತು ಬೆಳಿಗ್ಗೆ ಗಾಡಿ ಖಾಲಿ ಮಾಡಿ, ಲಿವರನ್ನು ಬಟ್ಟೆಯಲ್ಲಿ ಒರೆಸಿ, ಆಮೇಲೆ ಪರೀಕ್ಷೆಗೆ ಕೂತವನು ತಾನು. ರೋಗವನ್ನು ಚೀಲಕ್ಕೆ ತುಂಬಿ ಬಸ್ಸಿಗೆ ಹತ್ತಿಸಿ, ಆಮೇಲೆ ಐವತ್ತು ಸಲ ನಾಡಿ ಹಿಡಿದಿದ್ದ. ಇಷ್ಟು ವರ್ಷದಲ್ಲಿ ಹೀಗೆ ಎಷ್ಟು ಗಾಡಿಗಳ ದೋಷವನ್ನು ಹಸಿರು ಕ್ರೇಟಿಗೆ ಹಾಕಿ ‘ಏನೂ ಇಲ್ಲ’ ಎಂದು ಕಳಿಸಿದ್ದೇನೋ ಎಂಬ ಯೋಚನೆ ಬಂದು ಅವನು ಆ ಕ್ರೇಟಿನ ಕಡೆ ತಿರುಗಿ ನೋಡಿದ.

ಒಮ್ಮೆ ಆಗಿದ್ದನ್ನು ಅವನು ನಂಬುವವನಲ್ಲ. ಹಗ್ಗವನ್ನು ಬಕೆಟ್ಟಿನಲ್ಲಿ ಅದ್ದಿ, ಮತ್ತೆ ಲಿವರಿಗೆ ಹಾಕಿ, ಗಡಿಯಾರ ನೋಡುತ್ತ ನಿಂತ. ಮೊದಲ ಎರಡು ನಿಮಿಷ ಏನೂ ಆಗಲಿಲ್ಲ. ವೈಪರಿನ ಅದುರಾಟಕ್ಕೆ ಲಿವರು ನೋಡನೋಡುತ್ತಿದ್ದಂತೆ ಕೂದಲೆಳೆಯಷ್ಟು, ಮತ್ತೊಂದು ಕೂದಲೆಳೆಯಷ್ಟು ಇಳಿಯಿತು. ನಾಲ್ಕನೇ ನಿಮಿಷಕ್ಕೆ ಕಡ್ಡಿಗಳು ಗಾಜಿನ ನಡುವೆ ನಿಂತವು. ಎತ್ತಿದ, ಓಡಿದವು. ಮೂರನೇ ಸಲ ಮಾಡುವಾಗ ಭಾವನೇ ಗಡಿಯಾರ ನೋಡಿ, “ಮೂರು ನಿಮಿಷ ಐವತ್ತು ಸೆಕೆಂಡು,” ಎಂದರು. ಪೈಪನ್ನು ಇನ್ನೂ ಹಿಡಿದೇ ಇದ್ದರು. ಅಂಗಿ ಪೂರ್ತಿ ಒದ್ದೆಯಾಗಿತ್ತು.

ಸ್ವಿಚ್ಚನ್ನು ಮತ್ತೆ ಬೆಂಚಿಗೆ ತಂದು ಈ ಸಲ ಹೊಟ್ಟೆ ಸೀಳಿದ. ಒಳಗೆ ಲಿವರನ್ನು ಆಯಾ ಜಾಗದಲ್ಲಿ ಹಿಡಿದು ನಿಲ್ಲಿಸುವ ಪ್ಲಾಸ್ಟಿಕ್ಕಿನ ಕಚ್ಚುಗಳಿದ್ದವು. ಮೇಲಿನ ಎರಡು ಹೊಸದರಂತೆ ಚೂಪಾಗಿದ್ದವು. ಒಂದನೇ ವೇಗದ್ದು ಮಾತ್ರ ಬಳಸಿದ ಸೋಪಿನ ಹಾಗೆ ಸವೆದು ನುಣ್ಣಗಾಗಿತ್ತು. ಹನ್ನೊಂದು ಮಳೆಗಾಲದ ಒದ್ದೆ ಹಗ್ಗ ಅಲ್ಲಿ ತೂಗಿತ್ತು.

ಅಕ್ಕ ಕನ್ನಡಕ ಹಾಕಿಕೊಂಡು ನೋಡಿದಳು.

“ಹಾಗಾದ್ರೆ ಕೆಡಿಸಿದ್ದು ನಾನೇ.”

“ನೀನೇ. ಆದ್ರೆ ವೈಪರ್ ನಿಂತಿದ್ದು ನಿಜ. ನೀನು ಹೇಳಿದ ಹಾಗೇ ನಿಂತಿದೆ, ನಟ್ಟನಡುವೆ.”

“ಬೆಳಿಗ್ಗೆ ಅಷ್ಟು ಕೇಳಿದೆ ನೀನು, ಏನೇನಿತ್ತು ಅಂತ. ಇದು ಹೇಳೋ ವಿಷಯ ಅಂತ ಅನ್ನಿಸ್ಲೇ ಇಲ್ಲ. ಚಪ್ಪಲಿ ಹಾಕ್ಕೊಂಡಿದ್ದೆ ಅಂತ ಹೇಳ್ತೀವಾ?”

“ನಾನೂ ಕೇಳಿದ್ದು ಹೊಸದೇನಿದೆ ಅಂತ,” ಎಂದ ಕರೆಂಟಣ್ಣ. “ಹಳೇದನ್ನ ಕೇಳಬೇಕಿತ್ತು.”

ಭಾವ ಪೈಪನ್ನು ನೆಲಕ್ಕಿಟ್ಟು ನಲ್ಲಿ ನಿಲ್ಲಿಸಿ ಬಂದರು. ಜೀವನವಿಡೀ ತಪ್ಪು ತಿದ್ದಿದವರಿಗೆ ತಮ್ಮ ತಪ್ಪು ಬಂದಾಗ ಕೆಂಪು ಪೆನ್ನು ಎಲ್ಲಿದೆಯೆಂದು ತಿಳಿಯುವುದಿಲ್ಲ. ಕೊನೆಗೆ ಅವರು, “ಹೊಸ ಸ್ವಿಚ್ಚು ಯಾವಾಗ ಬರುತ್ತೆ?” ಎಂದರು ಕರೆಂಟಣ್ಣನಿಗೆ.

“ಇದೇ ಮಾದರಿದು ಪೇಟೇಲಿ ಇದೆ. ನಾಳೆ ಹತ್ತಕ್ಕೆ ಹಾಕ್ತೀನಿ.”

“ಹತ್ತಕ್ಕೆ ಮುಂಚೇನೇ ಅವಳಿಗೆ ಎಲ್ಲಾದ್ರೂ ಹೋಗೋದಿದ್ರೆ?”

“ಮಳೆ ಇಲ್ಲದಿದ್ರೆ ಇದರಲ್ಲೇ ಹೋಗ್ಲಿ. ಹಗ್ಗ ಮಾತ್ರ ನೇತುಹಾಕೋ ಹಾಗಿಲ್ಲ.”

ಭಾವ ತಲೆಯಾಡಿಸಿದರು. ಹೆಂಡತಿಯ ಕಡೆ ತಿರುಗದೆ, “ಕಟ್ಟೆಯವರ ಮನೆಗೆ ನಾನೇ ಹೋಗಿ ಹೇಳ್ತೀನಿ,” ಎಂದರು. “ಏನಾಗಿತ್ತು ಅಂತ.”

“ಏನಂತ ಹೇಳ್ತೀರಿ?”

“ವೈಪರ್ ನಿಂತಿತ್ತು ಅಂತ.”

ಅಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಒರೆಸುವುದು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ನಡೆಯಿತು. “ಶನಿವಾರ ಕಣ್ಣು ತೋರಿಸೋಕೆ ಹೋಗೋಣ,” ಎಂದಳು ಆಮೇಲೆ. “ಇಬ್ರೂ. ಮೊನ್ನೆ ಉಪ್ಪಿನ ಡಬ್ಬಿಯಿಂದ ಸಕ್ಕರೆ ಅಂತ ಹಾಕ್ಕೊಂಡೋರು ನಾನಲ್ಲ.”

ಕರೆಂಟಣ್ಣ ಸವೆದ ಸ್ವಿಚ್ಚನ್ನೇ ಮುಚ್ಚಿ ಕಾರಿಗೆ ಕೂರಿಸಿದ. ಆಮೇಲೆ ಡಬ್ಬಿಯಲ್ಲಿ ತಡಕಾಡಿ ಒಂದು ದಪ್ಪ ಕೊಕ್ಕೆ ತೆಗೆದು, ಹಿಂದಿನ ಬಾಗಿಲಿನ ಮೇಲಿನ ಕಬ್ಬಿಣದ ಪಟ್ಟಿಗೆ ಎರಡು ಸ್ಕ್ರೂ ಹಾಕಿ ಬಿಗಿದ. ಎಳೆದು ನೋಡಿದ, ಜೋತುಬಿದ್ದು ನೋಡಿದ. ಕ್ರೇಟಿನ ಸಾಮಾನುಗಳನ್ನು ಒಂದೊಂದಾಗಿ ಕಾರಿಗೆ ಮರಳಿಸುವಾಗ ಬೆಳಿಗ್ಗೆ ಯಾವುದು ಎಲ್ಲಿತ್ತೋ ಅಲ್ಲಿಯೇ ಇಡಲು ಪ್ರಯತ್ನಿಸಿದ. ನೆನಪಾಗಲಿಲ್ಲ. ಗಂಬೂಟು ಮುಂದಿತ್ತೋ ಹಿಂದಿತ್ತೋ ಅವನು ನೋಡಿಯೇ ಇರಲಿಲ್ಲ. ಬೆಂಚಿನ ಮೇಲಿದ್ದ ಬಿಲ್ಲಿನ ಪುಸ್ತಕದ ಹಿಂಬದಿಯ ರಟ್ಟಿನ ಮೇಲೆ ಪೆನ್ಸಿಲಿನಲ್ಲಿ, ‘ಖಾಲಿ ಮಾಡುವ ಮುಂಚೆ ಹಾಗೇ ಓಡಿಸಿ ನೋಡುವುದು’ ಎಂದು ಬರೆದ.

ಅಕ್ಕ ಇಂಜಿನ್ ಚಾಲೂ ಮಾಡಿದಳು. ಆಕಾಶ ಬಿಳಿಚಿಕೊಂಡಿತ್ತು, ಮಳೆಯ ಸುಳಿವಿರಲಿಲ್ಲ. ಭಾವ ಪಕ್ಕದ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡರು. ಒದ್ದೆ ಹಗ್ಗದ ಸುರುಳಿ ಅವಳ ಕೈಯಲ್ಲಿತ್ತು. ಅವಳ ಕೈ ತಾನಾಗಿ ವೈಪರಿನ ಲಿವರಿನ ಕಡೆ ಹೋಯಿತು, ಅರ್ಧದಲ್ಲಿ ನಿಂತಿತು. ಹಿಂದಿನ ಕೊಕ್ಕೆಗೆ ಹಾಕಲು ಇಳಿದು ಹೋಗಬೇಕಿತ್ತು.

“ಇಲ್ಲಿ ಕೊಡು,” ಎಂದರು ಭಾವ.

ಅವಳು ಕೊಟ್ಟಳು. ಅವರು ಅದನ್ನು ತೊಡೆಯ ಮೇಲಿಟ್ಟುಕೊಂಡರು. ಕಬ್ಬಿಣದ ಹಿಡಿಗಳು ಒಂದಕ್ಕೊಂದು ತಾಗಿ ಸದ್ದಾಯಿತು, ಪ್ಯಾಂಟಿನ ಮೇಲೆ ನೀರು ಹರಡಿತು.

“ಸ್ವಲ್ಪ ನಾತ ಇರುತ್ತೆ,” ಎಂದಳು ಅಕ್ಕ.

“ಮುಂದೆ ನೋಡಿ ಓಡಿಸು,” ಎಂದರು ಭಾವ.

ಕಾರು ರಸ್ತೆಗೆ ಇಳಿಯಿತು. ಕರೆಂಟಣ್ಣ ಮೊಳೆಯ ಕಡೆ ನೋಡಿದ. ಅಲ್ಲಿ ಏನೂ ಇರಲಿಲ್ಲ. ಪೈಪನ್ನು ಸುತ್ತಿಡಲು ಹೋದ.